ಫ್ಲಾಪಿಯ ಮೇಲಿನ ಲಘು-ಗುರು

1977ರ ಡಿಸೆಂಬರ್ ತಿಂಗಳು. ಕ್ಯಾಲಿಫೋರ್ನಿಯದ ಕ್ಯುಪರ್ಟಿನೊದಲ್ಲಿದ್ದ ಆಪಲ್ ಎಂಬ ಪುಟ್ಟ ಕಂಪನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಕಂಪನಿಗೆ ಹಣ ಹಾಕಿ ಅದರ ವ್ಯವಹಾರ ನೋಡಿಕೊಳ್ಳುತ್ತಿದ್ದ ಮೈಕ್ ಮಾರ್ಕ್ಯುಲಾ ಅವರಿಗೆ ಒಂದು ಕಿರಿಕಿರಿ ಕಾಡುತ್ತಿತ್ತು. ಚೆಕ್ ಪುಸ್ತಕದ ಲೆಕ್ಕ ಇಡುವ ಪ್ರೋಗ್ರಾಂ ಒಂದು ಅವರ ಬಳಿ ಇತ್ತು. ಅದನ್ನು ಆಪಲ್-2 ಕಂಪ್ಯೂಟರಿಗೆ ತುಂಬಿಸಬೇಕಾದರೆ ಹಾಡು ಕೇಳುವ ಸಾಮಾನ್ಯ ಟೇಪ್ ರೆಕಾರ್ಡರನ್ನು ಜೋಡಿಸಿ, ಕ್ಯಾಸೆಟ್ ಹಾಕಿ, ಕೈಕಟ್ಟಿ ಕೂರಬೇಕು. ಸೆಕೆಂಡಿಗೆ ಇನ್ನೂರು ಬೈಟ್ ಬರುವುದೂ ಕಷ್ಟ. ನಡುವೆ ಎಲ್ಲಾದರೂ ತಪ್ಪಿದರೆ ಮತ್ತೆ ಮೊದಲಿನಿಂದ. ಅಷ್ಟು ಹೊತ್ತಿಗೆ ಕಾಗದ-ಪೆನ್ಸಿಲ್ ಹಿಡಿದಿದ್ದರೆ ಲೆಕ್ಕವೇ ಮುಗಿದಿರುತ್ತಿತ್ತು.

‘ನಮಗೊಂದು ಫ್ಲಾಪಿ ಡ್ರೈವ್ ಬೇಕು’ ಎಂದು ಮಾರ್ಕ್ಯುಲಾ ಪಟ್ಟು ಹಿಡಿದರು. ಕೆಲಸ ಬಿದ್ದದ್ದು ಆಪಲ್-2ರ ಸೃಷ್ಟಿಕರ್ತ ಸ್ಟೀವ್ ವಾಜ್ನಿಯಾಕ್ ಮೇಲೆ. ಜನವರಿಯ ಮೊದಲ ವಾರ ಲಾಸ್ ವೇಗಸ್ ನಗರದಲ್ಲಿ ಎಲೆಕ್ಟ್ರಾನಿಕ್ಸ್ ಸರಕುಗಳ ದೊಡ್ಡ ಮೇಳ. ಅಲ್ಲಿಗೆ ಮಾರಾಟ ವಿಭಾಗದವರು ಮಾತ್ರ ಹೋಗುವುದೆಂದು ಗೊತ್ತಾಗಿತ್ತು. ‘ಅಷ್ಟರಲ್ಲಿ ಫ್ಲಾಪಿ ಸಿದ್ಧವಾದರೆ ನಾನೂ ಬರಬಹುದೇ?’ ಎಂದು ವಾಜ್ನಿಯಾಕ್ ಕೇಳಿದರಂತೆ. ಲಾಸ್ ವೇಗಸ್ ನೋಡುವ ಆಸೆ ಅವರಿಗೆ! ಫ್ಲಾಪಿ ಡ್ರೈವ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ಅವರು ಅದುವರೆಗೆ ಅಭ್ಯಾಸ ಮಾಡಿದವರೇ ಅಲ್ಲ. ಕೈಯಲ್ಲಿದ್ದದ್ದು ಎರಡು ವಾರ, ಅದೂ ಕ್ರಿಸ್‌ಮಸ್ ರಜೆ. ರ್‍ಯಾಂಡಿ ವಿಗಿಂಟನ್ ಎಂಬ ಹದಿಹರೆಯದ ಸಹಾಯಕನ ಜೊತೆ ಕೂತು ಅವರು ಮಾಡಿ ಮುಗಿಸಿದ್ದೇ ‘ಡಿಸ್ಕ್-2’. ಅದರಲ್ಲಿ ಅವರು ಮಾಹಿತಿಯನ್ನು ಡಿಸ್ಕಿನ ಮೇಲೆ ಬರೆದ ರೀತಿ ಎಷ್ಟು ಚೆಂದವಾಗಿದೆಯೆಂದರೆ, ಛಂದಸ್ಸು ಕಲಿತ ಕನ್ನಡಿಗರಿಗೆ ಅದು ತಟ್ಟನೆ ಅರ್ಥವಾಗುವಂತಿದೆ. ಹೇಗೆಂದು ಮುಂದೆ ನೋಡೋಣ.

ಫ್ಲಾಪಿ ಆಗ ಹೊಸದೇನಲ್ಲ. ಐಬಿಎಂ ಕಂಪನಿ 1971ರಲ್ಲೇ ಎಂಟು ಇಂಚಿನ ಫ್ಲಾಪಿಯನ್ನು ತನ್ನ ದೈತ್ಯ ಯಂತ್ರಗಳಿಗೆ ಒಳಸೂಚನೆ ತುಂಬಿಸಲು ಬಳಸತೊಡಗಿತ್ತು. ಆ ಕಂಪನಿಯಿಂದ ಹೊರಬಂದ ಅಲನ್ ಶುಗಾರ್ಟ್ 1973ರಲ್ಲಿ ತಮ್ಮ ಹೆಸರಿನಲ್ಲೇ ಕಂಪನಿ ಕಟ್ಟಿದರು. ಅವರು ಬಿಟ್ಟುಹೋದ ಮೇಲೂ ಅದೇ ಹೆಸರಿನಲ್ಲಿ ಮುಂದುವರಿದ ಆ ಕಂಪನಿ 1976ರಲ್ಲಿ ಐದೂಕಾಲು ಇಂಚಿನ ‘ಮಿನಿಫ್ಲಾಪಿ’ ತಂದಿತು. ತೆಳುವಾದ ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ ಕಂದು ಬಣ್ಣದ ಕಬ್ಬಿಣದ ಆಕ್ಸೈಡಿನ ಲೇಪ, ಸುತ್ತ ಚೌಕನೆಯ ಕಪ್ಪು ಲಕೋಟೆ. ಡ್ರೈವಿನಲ್ಲಿ ಅದು ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಎಂದರೆ ಒಂದು ಸುತ್ತಿಗೆ ಸೆಕೆಂಡಿನ ಐದನೇ ಒಂದು ಭಾಗ. ಓದು-ಬರಹದ ಹೆಡ್ ಒಂದರೊಳಗೊಂದು 35 ವೃತ್ತಾಕಾರದ ಜಾಡುಗಳ ಮೇಲೆ ಹೆಜ್ಜೆಹೆಜ್ಜೆಯಾಗಿ ಸರಿಯುತ್ತದೆ.

ವಾಜ್ನಿಯಾಕ್ ಶುಗಾರ್ಟ್ ಕಂಪನಿಯಿಂದ ತರಿಸಿಕೊಂಡದ್ದು ಈ ಯಂತ್ರಭಾಗವನ್ನು ಮಾತ್ರ. ಅದರ ಜೊತೆ ಬರುತ್ತಿದ್ದ ಎಲೆಕ್ಟ್ರಾನಿಕ್ಸ್ ಹಲಗೆಯಲ್ಲಿ ಬಹುಪಾಲು ತಮಗೆ ಬೇಡವೆಂದು ಕಂಡುಕೊಂಡರು.

ಹೆಡ್‌ಗೆ ಕೇಳಿಸುವುದು ಏನು?

ಕಂಪ್ಯೂಟರಿನ ಮಾಹಿತಿಯೆಲ್ಲ 0 ಮತ್ತು 1ರ ಸಾಲುಗಳೆಂದು ಎಲ್ಲರೂ ಕೇಳಿದ್ದೇವೆ. ಹಾಗಾದರೆ ಉತ್ತರ ಧ್ರುವವೆಂದರೆ 1, ದಕ್ಷಿಣ ಧ್ರುವವೆಂದರೆ 0 ಎಂದು ಬರೆದುಬಿಟ್ಟರೆ ಆಯಿತಲ್ಲ? ಆಗುವುದಿಲ್ಲ. ಓದುವ ಹೆಡ್ ಎಂದರೆ ಒಂದು ಪುಟ್ಟ ತಂತಿಸುರುಳಿ. ಕಾಂತಕ್ಷೇತ್ರ ಬದಲಾದಾಗ ಮಾತ್ರ ಅದರಲ್ಲಿ ವಿದ್ಯುತ್ ಮಿಡಿಯುತ್ತದೆ. ಉತ್ತರವೇ ಇರಲಿ, ದಕ್ಷಿಣವೇ ಇರಲಿ, ಒಂದೇ ಸಮನೆ ಇದ್ದರೆ ಹೆಡ್ ಕಿವುಡು. ಆದ್ದರಿಂದ ಧ್ರುವ ಅದಲುಬದಲಾದ ಜಾಗವನ್ನು 1 ಎಂದೂ, ಬದಲಾಗದೆ ಸಾಗಿದ ಕಾಲವನ್ನು 0 ಎಂದೂ ಓದಬೇಕು. ಈ ಅದಲುಬದಲನ್ನು ನಾವು ಇಲ್ಲಿ ‘ಪಲ್ಟಿ’ ಎಂದು ಕರೆಯೋಣ.

ಇಲ್ಲಿ ಎರಡು ತೊಡಕು. ಮೊದಲನೆಯದು, ಪಲ್ಟಿಗಳನ್ನು ತೀರ ಒತ್ತೊತ್ತಾಗಿ ಬರೆದರೆ ಅವು ಒಂದನ್ನೊಂದು ತಳ್ಳಿ ಕಲಸಿಹೋಗುತ್ತವೆ. ಆ ಕಾಲದ ಮಿನಿಫ್ಲಾಪಿಯಲ್ಲಿ ಎರಡು ಪಲ್ಟಿಗಳ ನಡುವೆ ಕನಿಷ್ಠ 4 ಮೈಕ್ರೊಸೆಕೆಂಡು ಅಂತರ ಬೇಕಾಗಿತ್ತು. ಎರಡನೆಯದು ಇನ್ನೂ ಸೂಕ್ಷ್ಮ. 0 ಎಂದರೆ ಮೌನ. ಸಾಲಾಗಿ ನೂರು ಸೊನ್ನೆಗಳು ಬಂದರೆ ನೂರು ಮಾತ್ರೆಯ ಮೌನ. ಆ ಮೌನದಲ್ಲಿ ತೊಂಬತ್ತೊಂಬತ್ತು ಸೊನ್ನೆ ಇದ್ದವೋ ನೂರಾಒಂದೋ ಎಂದು ಎಣಿಸುವವರಾರು? ರಬ್ಬರ್ ಪಟ್ಟಿಯ ಮೂಲಕ ತಿರುಗುವ ಮೋಟಾರು, ಬರೆದ ಡ್ರೈವ್ ಒಂದು, ಓದುವ ಡ್ರೈವ್ ಇನ್ನೊಂದು; ವೇಗದಲ್ಲಿ ಶೇಕಡಾ ಒಂದೆರಡು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಸಂಗೀತ ಕಛೇರಿಯಲ್ಲಿ ಮೃದಂಗದವರು ದೀರ್ಘವಾಗಿ ಕೈ ಬಿಟ್ಟರೆ ತಾಳ ಹಾಕುತ್ತ ಕೂತ ಮುಂದಿನ ಸಾಲಿನವರು ತಬ್ಬಿಬ್ಬಾಗುವುದಿಲ್ಲವೇ, ಹಾಗೆ.

ಆಗ ಎಲ್ಲರೂ ಬಳಸುತ್ತಿದ್ದ ಪರಿಹಾರ ಸರಳವಾದದ್ದು: ಪ್ರತಿ ಬಿಟ್‌ಗೂ ಮುನ್ನ ಒಂದು ತಾಳದ ಪೆಟ್ಟು. ತಾಳ ತಪ್ಪದೆ ಬೀಳುತ್ತದೆ; ಎರಡು ತಾಳದ ನಡುವೆ ಇನ್ನೊಂದು ಪೆಟ್ಟು ಕೇಳಿಸಿದರೆ 1, ಕೇಳಿಸದಿದ್ದರೆ 0. ಇದಕ್ಕೆ ಎಫ್‌ಎಂ ಎಂದು ಹೆಸರು. ಆಕಾಶವಾಣಿಯ ಎಫ್‌ಎಂ ಹಾಡುಗಳಿಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ನಂಟು. ರೇಡಿಯೊ ಷ್ಯಾಕ್ ಕಂಪನಿಯ ಟಿಆರ್‌ಎಸ್-80, ಬ್ರಿಟನ್ನಿನ ಶಾಲೆಗಳಲ್ಲಿ ಹೆಸರಾದ ಬಿಬಿಸಿ ಮೈಕ್ರೊ, ಇವುಗಳ ಮೊದಲ ಫ್ಲಾಪಿಗಳು ಹೀಗೇ ಬರೆದವು. ನಂಬಿಕಸ್ಥ ವಿಧಾನ, ಅನುಮಾನವಿಲ್ಲ. ಆದರೆ ದುಬಾರಿ. ಡಿಸ್ಕಿನ ಅರ್ಧ ಜಾಗ ಬರೀ ತಾಳಕ್ಕೇ ಹೋಯಿತು! ಒಂದು ಸುತ್ತಿನಲ್ಲಿ 4 ಮೈಕ್ರೊಸೆಕೆಂಡಿನ 50,000 ಮಾತ್ರೆಗಳು ಹಿಡಿಯುತ್ತವೆ. ಅದರಲ್ಲಿ ಮಾಹಿತಿ 25,000 ಬಿಟ್, ಎಂದರೆ 3,125 ಬೈಟ್. ವಿಳಾಸ, ಅಂಚು, ಖಾಲಿ ಜಾಗ ಎಂದೆಲ್ಲ ಕಳೆದರೆ ಒಂದು ಜಾಡಿನಲ್ಲಿ 256 ಬೈಟಿನ 10 ಸೆಕ್ಟರುಗಳು. ಟಿಆರ್‌ಎಸ್-80ರ 35 ಜಾಡಿನ ಡಿಸ್ಕ್ ಹಿಡಿಯುತ್ತಿದ್ದದ್ದು 89,600 ಬೈಟ್ ಮಾತ್ರ.

ಎಂಟು ಮಾತ್ರೆಯ 34 ಗಣ

ತಾಳದ ಪೆಟ್ಟನ್ನು ಬೇರೆಯಾಗಿ ಬರೆಯುವುದೇ ಬೇಡ, ಮಾಹಿತಿಯನ್ನೇ ತಾಳ ತಪ್ಪದಂತೆ ಹೊಂದಿಸಿಬಿಟ್ಟರೆ ಹೇಗೆ? ವಾಜ್ನಿಯಾಕ್ ಹಿಡಿದ ದಾರಿ ಇದು. ಇಂಥದೇ ಉಪಾಯವನ್ನು ಐಬಿಎಂ 1973ರಲ್ಲಿ ತನ್ನ ದೊಡ್ಡ ಟೇಪ್‌ಗಳಲ್ಲಿ ಬಳಸಿತ್ತು. ಗ್ರೂಪ್ ಕೋಡ್ ರೆಕಾರ್ಡಿಂಗ್, ಚಿಕ್ಕದಾಗಿ ಜಿಸಿಆರ್ ಎಂದು ಅದರ ಹೆಸರು. ಮನೆಯ ಕಂಪ್ಯೂಟರಿಗೆ, ಅದೂ ಬೆರಳೆಣಿಕೆಯ ಚಿಪ್‌ಗಳಲ್ಲಿ ಅದನ್ನು ಇಳಿಸಿದ್ದು ಡಿಸ್ಕ್-2.

ನಿಯಮ ಎರಡೇ. ಡಿಸ್ಕಿನ ಮೇಲೆ ಬರೆಯುವ ಪ್ರತಿ ಎಂಟು ಬಿಟ್‌ಗಳ ಗುಂಪು 1ರಿಂದಲೇ ಆರಂಭವಾಗಬೇಕು. ಎರಡು ಸೊನ್ನೆಗಳು ಒಟ್ಟಿಗೆ ಬರಕೂಡದು. ಹೀಗೆ ಮಾಡಿದರೆ ಯಾವ ಮೌನವೂ 8 ಮೈಕ್ರೊಸೆಕೆಂಡು ಮೀರುವುದಿಲ್ಲ. ಎಂದರೆ ಎಫ್‌ಎಂನಲ್ಲಿ ಇರುವಷ್ಟೇ ಅಂತರಗಳು, ಅಷ್ಟೇ ಭದ್ರತೆ.

ಈಗ ಶಾಲೆಯ ಛಂದಸ್ಸಿನ ಪಾಠ ನೆನಪಿಸಿಕೊಳ್ಳಿ. ಲಘು ಎಂದರೆ ಒಂದು ಮಾತ್ರೆ, ಗುರು ಎಂದರೆ ಎರಡು ಮಾತ್ರೆ. ಒಂದು ಪಲ್ಟಿಯ ಮುಂದಿನ ಮಾತ್ರೆಯಲ್ಲೇ ಇನ್ನೊಂದು ಪಲ್ಟಿ ಬಂದರೆ ಆ ಒಂಟಿ ‘1’ ಲಘುವಾಯಿತು. ಪಲ್ಟಿಯ ಮುಂದೆ ಒಂದು ಮೌನ ಬಂದರೆ, ಆ ‘10’ ಗುರುವಾಯಿತು. ವಾಜ್ನಿಯಾಕರ ನಿಯಮ ಪಾಲಿಸುವ ಎಂಟು ಬಿಟ್‌ನ ಗುಂಪೆಂದರೆ ಲಘು-ಗುರುಗಳಿಂದ ಕಟ್ಟಿದ ಎಂಟು ಮಾತ್ರೆಯ ಗಣವಲ್ಲದೆ ಬೇರೇನೂ ಅಲ್ಲ. ಕಂದಪದ್ಯದ ನಾಲ್ಕು ಮಾತ್ರೆಯ ಗಣಗಳು ಐದೇ ಬಗೆ ಎಂದು ಮೇಷ್ಟ್ರು ಕಂಠಪಾಠ ಮಾಡಿಸಿದ್ದರಲ್ಲ? ಎರಡು ಗುರು, ಗುರು ಲಘು ಲಘು, ಲಘು ಗುರು ಲಘು, ಲಘು ಲಘು ಗುರು, ನಾಲ್ಕು ಲಘು. ಮೂರು ಮಾತ್ರೆಗೆ ಮೂರು ಬಗೆ, ನಾಲ್ಕಕ್ಕೆ ಐದು, ಐದಕ್ಕೆ ಎಂಟು. ಗಣದ ಕೊನೆಯಲ್ಲಿ ಲಘು ಇರಬೇಕು ಇಲ್ಲವೇ ಗುರು ಇರಬೇಕಾದ್ದರಿಂದ ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿಸಿದರೆ ಮುಂದಿನದು ಸಿಗುತ್ತದೆ. ಆರಕ್ಕೆ 13, ಏಳಕ್ಕೆ 21, ಎಂಟಕ್ಕೆ 34. ಪಶ್ಚಿಮದವರು ಫಿಬೊನಾಚಿ ಸಂಖ್ಯೆಗಳೆಂದು ಕರೆಯುವ ಈ ಸರಣಿಯನ್ನು ನಮ್ಮ ಛಂದಃಶಾಸ್ತ್ರಜ್ಞರಾದ ವಿರಹಾಂಕ, ಆಮೇಲೆ ಹನ್ನೆರಡನೇ ಶತಮಾನದ ಜೈನ ಪಂಡಿತ ಹೇಮಚಂದ್ರ ಮಾತ್ರಾವೃತ್ತಗಳನ್ನು ಎಣಿಸುತ್ತಲೇ ಕಂಡಿದ್ದರು. ವಾಜ್ನಿಯಾಕರಿಗೆ ಇದು ಗೊತ್ತಿರಬೇಕಾದ ಅಗತ್ಯವೇನೂ ಇರಲಿಲ್ಲ. ಲೆಕ್ಕ ಯಾರು ಮಾಡಿದರೂ 34 ತಾನೇ ಬರುವುದು!

ಈ 34ರಲ್ಲಿ ಎರಡನ್ನು ಅವರು ತೆಗೆದಿಟ್ಟರು. ಒಂದು 11010101, ನಮ್ಮ ಭಾಷೆಯಲ್ಲಿ ‘ಲಘು ಗುರು ಗುರು ಗುರು ಲಘು’. ಇನ್ನೊಂದು 10101010, ‘ಗುರು ಗುರು ಗುರು ಗುರು’. ಇವೆರಡು ಮಾಹಿತಿಯಲ್ಲಿ ಎಂದೂ ಬರುವಂತಿಲ್ಲ. ಇವು ಒಂದರ ಹಿಂದೊಂದು ಕೇಳಿಸಿದರೆ ‘ಇಲ್ಲಿಂದ ಸೆಕ್ಟರ್ ಶುರು’ ಎಂದು ಅರ್ಥ. ಪದ್ಯಕ್ಕೆ ಅಂಕಿತವಿದ್ದ ಹಾಗೆ. ಉಳಿದವು 32. ಎರಡನ್ನು ಐದು ಬಾರಿ ಗುಣಿಸಿದರೆ 32. ಆದ್ದರಿಂದ ಒಂದೊಂದು ಗಣವೂ ಐದು ಬಿಟ್ ಮಾಹಿತಿಯನ್ನು ಹೊರಬಲ್ಲದು. ಎಫ್‌ಎಂನಲ್ಲಿ ಎಂಟು ಮಾತ್ರೆಗೆ ನಾಲ್ಕು ಬಿಟ್ ಸಿಗುತ್ತಿತ್ತು, ಇಲ್ಲಿ ಐದು. ಸೆಕ್ಟರಿನ 256 ಬೈಟ್‌ಗಳನ್ನು ಐದೈದು ಬಿಟ್‌ಗಳ 410 ಚೂರುಗಳಾಗಿ ಒಡೆದು, ತಪ್ಪು ಪತ್ತೆಗೆಂದು ಒಂದು ಸೇರಿಸಿ, 411 ಗಣಗಳಾಗಿ ಬರೆಯುವುದು. ಜಾಡಿಗೆ ಹತ್ತು ಸೆಕ್ಟರಿನ ಬದಲು 13 ಹಿಡಿದವು. ಡಿಸ್ಕ್ ಅದೇ, ಹೆಡ್ ಅದೇ, ಮೋಟಾರು ಅದೇ. ಸಾಮರ್ಥ್ಯ ಮಾತ್ರ 1,16,480 ಬೈಟ್‌ಗೆ ಏರಿತು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ತಿರುಗುತ್ತಿರುವ ಡಿಸ್ಕಿನ ಮೇಲೆ ಹೆಡ್ ಎಲ್ಲೋ ನಡುವೆ ಬಂದು ಕೂತಾಗ, ಯಾವ 1 ಗಣದ ಆರಂಭ, ಯಾವ 1 ನಡುವಿನದು ಎಂದು ಗೊತ್ತಾಗುವುದು ಹೇಗೆ? ಅರ್ಧ ಪದ್ಯವಾದ ಮೇಲೆ ಬಂದ ಕೇಳುಗನ ಪಾಡು ಇದು. ಅದಕ್ಕಾಗಿ ಪ್ರತಿ ಸೆಕ್ಟರಿನ ಮುಂದೆ ಎಂಟು 1ಗಳ ಹಿಂದೆ ಒಂದು ಹೆಚ್ಚುವರಿ ಮೌನ ಸೇರಿಸಿದ ವಿಶೇಷ ಗಣಗಳನ್ನು ಸಾಲಾಗಿ ಬರೆದರು. ಓದುವ ಯಂತ್ರ 1 ಕಾಣುವ ತನಕ ಕಾಯುತ್ತದೆ, ಕಂಡಲ್ಲಿಂದ ಎಂಟು ಎಣಿಸುತ್ತದೆ. ಪ್ರತಿ ಗಣದಲ್ಲೂ ಆ ಮೌನದ ದೆಸೆಯಿಂದ ಅದು ಸ್ವಲ್ಪಸ್ವಲ್ಪ ಸರಿದು, ಕೆಲವು ಗಣಗಳು ಕಳೆಯುವಷ್ಟರಲ್ಲಿ ತಾನಾಗಿಯೇ ಸರಿಯಾದ ಜಾಗಕ್ಕೆ ಬಂದು ಹೊಂದಿಕೊಳ್ಳುತ್ತದೆ. ಡಿಸ್ಕಿನ ಸುತ್ತು ಎಲ್ಲಿ ಆರಂಭವೆಂದು ಗುರುತಿಸಲು ಬೇರೆಯವರು ಬಳಸುತ್ತಿದ್ದ ತೂತು, ಅದನ್ನು ನೋಡುವ ಬೆಳಕಿನ ಕಣ್ಣು, ಎರಡೂ ಇದರಿಂದ ಬೇಡವಾದವು.

ಇದನ್ನೆಲ್ಲ ಮಾಡುವ ಕಂಟ್ರೋಲರ್ ಕಾರ್ಡಿನಲ್ಲಿ ಇದ್ದದ್ದು ಎಂಟೇ ಚಿಪ್! ಅವುಗಳಲ್ಲಿ ಎರಡು 256 ಬೈಟಿನ ಪುಟ್ಟ ಸ್ಮೃತಿಕೋಶಗಳು. ಗಣಗಳನ್ನು ಕಟ್ಟುವ, ಬಿಡಿಸುವ ಕೆಲಸವನ್ನು ಕಂಪ್ಯೂಟರಿನ ಮುಖ್ಯ ಪ್ರೊಸೆಸರೇ ಪ್ರೋಗ್ರಾಂ ಮೂಲಕ ಮಾಡಿತು. ಒಂದು ಗಣಕ್ಕೆ 32 ಮೈಕ್ರೊಸೆಕೆಂಡು. ಅಷ್ಟರೊಳಗೆ ಆ ನಿಧಾನದ ಪ್ರೊಸೆಸರಿಗೆ ಸಿಗುವುದು 32 ಗಡಿಯಾರದ ಮಿಡಿತ. ಬರೆಯುವಾಗ ಒಂದು ಮಿಡಿತ ಹೆಚ್ಚಿದರೂ, ಒಂದು ಕಡಿಮೆಯಾದರೂ ಸಾಲು ಕೆಡುತ್ತದೆ. ಆ ಪ್ರೋಗ್ರಾಂ ಬರೆದವರು ಪ್ರತಿ ಆದೇಶಕ್ಕೆ ಎಷ್ಟು ಮಿಡಿತವೆಂದು ಎಣಿಸಿ ಎಣಿಸಿ ಬರೆದರು.

ಲಾಸ್ ವೇಗಸ್‌ಗೆ ಹೋದ ಮೇಲೂ ರಾತ್ರಿಯಿಡೀ ಕೆಲಸ ನಡೆಯಿತು. ಬೆಳಗಿನ ಜಾವ ಎಲ್ಲ ಸರಿಹೋಯಿತು ಎನ್ನುವಾಗ, ಯಾವುದಕ್ಕೂ ಇರಲಿ ಎಂದು ಇನ್ನೊಂದು ಪ್ರತಿ ಮಾಡಹೊರಟ ವಾಜ್ನಿಯಾಕ್ ನಿದ್ದೆಗಣ್ಣಿನಲ್ಲಿ ಎರಡು ಡಿಸ್ಕನ್ನು ಅದಲುಬದಲು ಮಾಡಿ, ಕೆಲಸಕ್ಕೆ ಬಾರದ್ದನ್ನು ಒಳ್ಳೆಯದರ ಮೇಲೆ ಬರೆದುಬಿಟ್ಟರಂತೆ. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ನಿದ್ದೆ ಮಾಡಿ ಎದ್ದು ಮತ್ತೆ ಬರೆದರು. ಮೇಳದಲ್ಲಿ ಡ್ರೈವ್ ಓಡಿತು. 1978ರ ಮಧ್ಯಭಾಗದಲ್ಲಿ ಡಿಸ್ಕ್-2 ಮಾರುಕಟ್ಟೆಗೆ ಬಂತು. ಮುಂಗಡ ಕಾದಿರಿಸಿದವರಿಗೆ 495 ಡಾಲರ್, ಆಮೇಲೆ 595. ಮರುವರ್ಷ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ಪ್ರೋಗ್ರಾಂ ಈ ಡಿಸ್ಕಿನ ಮೇಲೆ ಬಂದಾಗ, ಆಪಲ್-2 ಆಟದ ಸಾಮಾನೆಂಬ ಹೆಸರು ಕಳಚಿ ಕಚೇರಿಗಳಿಗೆ ನುಗ್ಗಿತು.

ಪ್ಲುತಕ್ಕೂ ಜಾಗವಾಯಿತು

ಕತೆ ಇಲ್ಲಿಗೆ ಮುಗಿಯಲಿಲ್ಲ. ಒಂದು ಗಣದಲ್ಲಿ ಒಮ್ಮೆ ಮಾತ್ರ ಎರಡು ಸೊನ್ನೆ ಒಟ್ಟಿಗೆ ಬಂದರೆ ಯಂತ್ರ ಎಡವುವುದಿಲ್ಲ ಎಂಬುದು ಅನುಭವದಿಂದ ತಿಳಿಯಿತು. ‘100’ ಎಂಬ ಮೂರು ಮಾತ್ರೆ. ನಮ್ಮ ವ್ಯಾಕರಣದಲ್ಲಿ ಅದಕ್ಕೂ ಹೆಸರಿದೆ: ಪ್ಲುತ. ದೂರದವರನ್ನು ಕೂಗುವಾಗ ‘ರಾಮಾऽऽ’ ಎಂದು ಎಳೆಯುತ್ತೇವಲ್ಲ, ಅದು.

ಎಂಟು ಮಾತ್ರೆಯಲ್ಲಿ ಒಂದೇ ಒಂದು ಪ್ಲುತವಿರುವ ಗಣಗಳು ಎಷ್ಟು? ಬಿಡುವಿದ್ದವರು ಪ್ರಸ್ತಾರ ಹಾಕಿ ನೋಡಬಹುದು, 38 ಬರುತ್ತವೆ. ಹಳೆಯ 34 ಸೇರಿಸಿದರೆ 72. ಇದಕ್ಕೆ ಇನ್ನೊಂದು ಷರತ್ತು ಹಾಕಿದರು: ಮೊದಲ ಬಿಟ್ ಬಿಟ್ಟು ಉಳಿದ ಏಳರಲ್ಲಿ ಎಲ್ಲಾದರೂ ಎರಡು 1 ಅಕ್ಕಪಕ್ಕ ಇರಲೇಬೇಕು. ಈ ಷರತ್ತಿಗೆ ಎಂಟು ಗಣಗಳು ಸೋತು ಹೊರಬೀಳುತ್ತವೆ. ಅಂಕಿತಕ್ಕೆಂದು ತೆಗೆದಿಟ್ಟ ಆ ಎರಡೂ ಈ ಎಂಟರಲ್ಲೇ ಇವೆ. ಉಳಿದದ್ದು ಸರಿಯಾಗಿ 64. ಎರಡನ್ನು ಆರು ಬಾರಿ ಗುಣಿಸಿದರೆ 64! ಒಂದು ಗಣಕ್ಕೆ ಈಗ ಆರು ಬಿಟ್. 256 ಬೈಟ್‌ಗೆ 411ರ ಬದಲು 343 ಗಣ ಸಾಕು. ಜಾಡಿಗೆ 16 ಸೆಕ್ಟರು, ಡಿಸ್ಕಿಗೆ 1,43,360 ಬೈಟ್. ಇದು 1980ರ ಆಗಸ್ಟಿನಲ್ಲಿ ಬಂದ ಡಾಸ್ 3.3ರ ಹೊತ್ತಿಗೆ ಆದದ್ದು. ಗಿರಾಕಿಗಳು ಹೊಸ ಡ್ರೈವ್ ಕೊಳ್ಳಬೇಕಾಗಲಿಲ್ಲ. ಕಾರ್ಡಿನ ಮೇಲಿನ ಎರಡು ಪುಟ್ಟ ಚಿಪ್ ಕಿತ್ತು ಬೇರೆ ಎರಡು ಕೂರಿಸಿದರೆ ಆಯಿತು. ನನಗೆ ಅತಿ ಇಷ್ಟವಾದ ವಿವರ ಇನ್ನೊಂದಿದೆ. ಆ 64 ಗಣಗಳ ಪಟ್ಟಿಯನ್ನು 256 ಬೈಟಿನ ಚಿಪ್‌ನಲ್ಲಿ ಇಡಲು ಜಾಗವಿರಲಿಲ್ಲ. ಆದ್ದರಿಂದ ಅದರಲ್ಲಿ ಪಟ್ಟಿ ಇಲ್ಲ, ನಿಯಮ ಮಾತ್ರ ಇದೆ. ಕಂಪ್ಯೂಟರ್ ಹೊತ್ತಿಸಿದಾಗಲೆಲ್ಲ ಅದು ಹೊಸದಾಗಿ ಪ್ರಸ್ತಾರ ಹಾಕಿ, ಲಾಯಕ್ಕಾದ ಗಣಗಳನ್ನು ಆರಿಸಿಕೊಂಡು, ಆಮೇಲೆ ಡಿಸ್ಕ್ ಓದಲು ಹೊರಡುತ್ತದೆ.

ಹೊತ್ತಿಸಿದಾಗ ಬರುತ್ತಿದ್ದ ಗಡಗಡ ಸದ್ದಿಗೂ ಮಿತವ್ಯಯವೇ ಕಾರಣ. ಹೆಡ್ ಹೊರಗಿನ ಮೊದಲ ಜಾಡಿಗೆ ಬಂತೆಂದು ತಿಳಿಸುವ ಸಾಧನವನ್ನೂ ವಾಜ್ನಿಯಾಕ್ ಉಳಿತಾಯ ಮಾಡಿದ್ದರು. ಎಲ್ಲೇ ಇದ್ದರೂ ಸರಿ, ಗೋಡೆಗೆ ಬಡಿಯುವ ತನಕ ಹೊರಕ್ಕೆ ತಳ್ಳುತ್ತ ಹೋಗುವುದು! ಮೊದಲ ಸಲ ಕೇಳಿದವರು ಯಂತ್ರ ಮುರಿಯಿತೆಂದೇ ತಿಳಿಯುತ್ತಿದ್ದರು.

ಕಮೊಡೋರ್ ಕಂಪನಿ 1982ರಲ್ಲಿ ತಂದ 1541 ಡ್ರೈವಿನದು ಬೇರೆಯೇ ರೀತಿ. ಅಲ್ಲೂ ಜಿಸಿಆರ್, ಆದರೆ ನಾಲ್ಕು ಬಿಟ್‌ಗೆ ಐದು ಮಾತ್ರೆ. ಹೊರಗಿನ ಜಾಡು ಉದ್ದ, ಒಳಗಿನದು ಗಿಡ್ಡ. ಎರಡರಲ್ಲೂ ಒಂದೇ ಸಮ ಬರೆಯುವುದು ನಷ್ಟವೆಂದು ಅವರು ಹೊರಗಿನ 17 ಜಾಡುಗಳಲ್ಲಿ 21 ಸೆಕ್ಟರು ತುಂಬಿ, ಒಳಕ್ಕೆ ಹೋದಂತೆ 19, 18, 17 ಎಂದು ಇಳಿಸಿದರು. ಹೊಲದ ಮೂಲೆಯನ್ನೂ ಬಿಡದೆ ಉಳುವ ರೈತನ ಜಾಣತನ. ಒಟ್ಟು 1,74,848 ಬೈಟ್. ಡ್ರೈವಿನೊಳಗೇ ಬೇರೊಂದು ಪ್ರೊಸೆಸರು, ಬೇರೆ ಸ್ಮೃತಿ ಇದ್ದವು. ಇಷ್ಟೆಲ್ಲ ಇದ್ದೂ ಕಂಪ್ಯೂಟರಿಗೆ ಜೋಡಿಸುವ ತಂತಿಯಲ್ಲಿ ಸೆಕೆಂಡಿಗೆ ನಾನೂರು ಬೈಟ್ ಸಾಗಿದರೆ ಹೆಚ್ಚು.

ಅತ್ತ ಐಬಿಎಂ ಹಿಡಿದ ದಾರಿಯೇ ಕೊನೆಗೆ ಗೆದ್ದದ್ದು. ಎಫ್‌ಎಂನ ತಾಳವನ್ನು ಅವರು ಜಿಪುಣತನದಿಂದ ಬಳಸಿದರು: ಎರಡು ಸೊನ್ನೆಗಳ ನಡುವೆ ಮಾತ್ರ ತಾಳ, ಬೇರೆಲ್ಲೂ ಇಲ್ಲ. ಎಂಎಫ್‌ಎಂ ಎಂಬ ಈ ವಿಧಾನದಲ್ಲಿ ಪಲ್ಟಿಗಳ ಅಂತರ 4, 6 ಅಥವಾ 8 ಮೈಕ್ರೊಸೆಕೆಂಡು. ಎಂದರೆ ಒಂದೂವರೆ ಮಾತ್ರೆಯನ್ನೂ ಗುರುತಿಸುವ ಕಿವಿ ಬೇಕು. ಅಷ್ಟು ಸೂಕ್ಷ್ಮ ಕಿವಿಯ ಸರ್ಕ್ಯೂಟು 1977ರಲ್ಲಿ ದುಬಾರಿ. ನಾಲ್ಕೈದು ವರ್ಷಗಳಲ್ಲಿ ಅದು ಅಗ್ಗದ ಚಿಪ್‌ಗೆ ಇಳಿಯಿತು. 1981ರ ಐಬಿಎಂ ಪಿಸಿ ಒಂದು ಬದಿಯಲ್ಲೇ 160 ಕಿಲೊಬೈಟ್ ಹಿಡಿಯಿತು. 1987ರಲ್ಲಿ ಬಂದು ನಮ್ಮೂರುಗಳನ್ನೂ ತುಂಬಿದ 1.44 ಮೆಗಾಬೈಟಿನ ಮೂರೂವರೆ ಇಂಚಿನ ಫ್ಲಾಪಿಯೂ ಎಂಎಫ್‌ಎಂ. ಡಿಸ್ಕಿನ ಜಾಗ ಹಿಂಡುವುದರಲ್ಲಿ ಎಂಎಫ್‌ಎಂ ವಾಜ್ನಿಯಾಕರ ಛಂದಸ್ಸಿಗಿಂತ ಮುಂದು ಎಂಬುದನ್ನು ಒಪ್ಪಲೇಬೇಕು. ಆದರೆ ಆ ಹೊತ್ತಿನಲ್ಲಿ, ಆ ದುಡ್ಡಿನಲ್ಲಿ, ಎಂಟು ಚಿಪ್‌ನಲ್ಲಿ ಬೇರೆ ಯಾರೂ ಅದನ್ನು ಮಾಡಿ ತೋರಿಸಲಿಲ್ಲ.

ಓದುವವರಿಲ್ಲದ ಲಿಪಿ

ಗೆದ್ದ ವಿಧಾನ ಉಳಿಯಿತು, ಉಳಿದವು ಅನಾಥವಾದವು. ತೊಂದರೆ ಇರುವುದು ಇಲ್ಲಿ. ಪಿಸಿಯ ಫ್ಲಾಪಿ ಕಂಟ್ರೋಲರಿಗೆ ಎಫ್‌ಎಂ, ಎಂಎಫ್‌ಎಂ ಬಿಟ್ಟು ಬೇರೆ ಭಾಷೆ ಬಾರದು. ಆಪಲ್ ಡಿಸ್ಕನ್ನು ಅದರೊಳಗಿಟ್ಟರೆ ಹೆಡ್‌ಗೆ ಪಲ್ಟಿಗಳೆಲ್ಲ ಕೇಳಿಸುತ್ತವೆ. ಅರ್ಥ ಮಾಡಿಕೊಳ್ಳಬೇಕಾದ ಚಿಪ್ ಮಾತ್ರ ‘ಇಲ್ಲೇನೂ ಇಲ್ಲ’ ಎಂದುಬಿಡುತ್ತದೆ. ಅದರ ಮೇಲೆ, ಆ ಕಾಲದ ಆಟಗಳ ಪ್ರಕಾಶಕರು ನಕಲು ತಡೆಯಲು ಅಂಕಿತದ ಗಣಗಳನ್ನೇ ಬದಲಿಸಿದ್ದರು, ಎರಡು ಜಾಡುಗಳ ನಡುವಿನ ಅರ್ಧ ಜಾಡಿನಲ್ಲೂ ಬರೆದಿದ್ದರು. ಎಲ್ಲವೂ ಪ್ರೋಗ್ರಾಂ ಕೈಯಲ್ಲೇ ಇದ್ದ ಡಿಸ್ಕ್-2ರಲ್ಲಿ ಇಂಥ ಚೇಷ್ಟೆಗೆ ಮಿತಿಯೇ ಇರಲಿಲ್ಲ. ಕಳ್ಳರಿಗೆಂದು ಹಾಕಿದ ಬೀಗ ಈಗ ಉಳಿಸಬಂದವರನ್ನೂ ತಡೆಯುತ್ತಿದೆ. ಇತ್ತ ಲೇಪ ಉದುರುತ್ತಿದೆ, ಕಾಂತತ್ವ ಮಾಸುತ್ತಿದೆ.

ಇದಕ್ಕೆ ಹುಡುಕಿಕೊಂಡ ಉಪಾಯ ಮತ್ತೆ ಮೊದಲಿನ ತತ್ವಕ್ಕೇ ಮರಳುವುದು. ಅರ್ಥದ ಗೋಜಿಗೆ ಹೋಗದೆ ಪಲ್ಟಿಯಿಂದ ಪಲ್ಟಿಗೆ ಎಷ್ಟು ಕಾಲವಾಯಿತು ಎಂಬುದನ್ನಷ್ಟೇ, ಮೈಕ್ರೊಸೆಕೆಂಡನ್ನು ಹತ್ತಾರು ಚೂರು ಮಾಡಿ ಅಳೆದು, ಇಡೀ ಜಾಡನ್ನು ದಾಖಲಿಸಿಕೊಳ್ಳುವುದು. ಲಘುವೋ ಗುರುವೋ ಪ್ಲುತವೋ ಎಂಬ ವಿಚಾರಣೆ ಆಮೇಲೆ ನಿಧಾನವಾಗಿ ನಡೆಯಲಿ. ಕ್ರಯೊಫ್ಲಕ್ಸ್, ಗ್ರೀಸ್‌ವೀಜಲ್, ಆಪಲ್‌ಸಾಸ್ ಎಂಬ ತಮಾಷೆಯ ಹೆಸರಿನ ಪುಟ್ಟ ಸಾಧನಗಳು ಮಾಡುವುದು ಇದನ್ನೇ.

ಫಲ ಸಿಕ್ಕಿದೆ. ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವನ್ನು ಜೋರ್ಡನ್ ಮೆಕ್ನರ್ ಆಪಲ್-2ಕ್ಕಾಗಿ ಬರೆದು 1989ರಲ್ಲಿ ಹೊರತಂದಿದ್ದರು. ಅದರ ಮೂಲ ಪ್ರೋಗ್ರಾಂ ಕಳೆದೇಹೋಯಿತೆಂದು ಅವರು ಕೈಚೆಲ್ಲಿದ್ದಾಗ, 2012ರಲ್ಲಿ ಅವರ ತಂದೆಗೆ ಮನೆಯ ಕಪಾಟಿನಲ್ಲಿ ಡಿಸ್ಕುಗಳ ಪೆಟ್ಟಿಗೆ ಸಿಕ್ಕಿತು. ಜೇಸನ್ ಸ್ಕಾಟ್, ಟೋನಿ ಡಯಾಜ್ ಎಂಬ ಇಬ್ಬರು ಹಳೆಯ ಯಂತ್ರಗಳನ್ನೇ ಹೊತ್ತು ತಂದು, ಜಿಸಿಆರ್‌ನಲ್ಲಿ ಬರೆದಿದ್ದ ಅವನ್ನು ಓದಿಕೊಟ್ಟರು. ಮೆಕ್ನರ್ ಅದನ್ನು ಎಲ್ಲರಿಗೂ ತೆರೆದಿಟ್ಟರು. ಚಿತ್ರಕಾರ ಆ್ಯಂಡಿ ವಾರ್ಹೋಲ್ 1985ರಲ್ಲಿ ಅಮಿಗಾ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರಗಳು ಸುಮಾರು ಮೂವತ್ತು ವರ್ಷ ಡಿಸ್ಕುಗಳಲ್ಲೇ ಉಳಿದಿದ್ದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಅವನ್ನು ಹೊರತೆಗೆದು 2014ರಲ್ಲಿ ಪ್ರಕಟಿಸಿದರು. ಬಿಟ್‌ಗಳು ಸಿಕ್ಕ ಮೇಲೂ ಚಿತ್ರ ಸಿಗಲಿಲ್ಲ. ಅವನ್ನು ಇಟ್ಟಿದ್ದ ಫೈಲಿನ ರೀತಿ ಯಾರಿಗೂ ಗೊತ್ತಿರಲಿಲ್ಲ, ಅದನ್ನೂ ಬಿಡಿಸಬೇಕಾಯಿತು.

ಈ ಎರಡನೆಯ ಬೀಗ ಕನ್ನಡಕ್ಕೂ ಇದೆ. 1990ರ ದಶಕದಲ್ಲಿ ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಅಚ್ಚಿಗೆ ಜೋಡಿಸಿದ ಎಷ್ಟೋ ಪುಸ್ತಕಗಳ ಪುಟಗಳು ಫ್ಲಾಪಿಗಳಲ್ಲಿ ಉಳಿದವು. ಅವು ಬಹುಪಾಲು ಎಂಎಫ್‌ಎಂ ಡಿಸ್ಕುಗಳೇ ಆದ್ದರಿಂದ ಬೂಷ್ಟು ಹಿಡಿಯದಿದ್ದರೆ ಬಿಟ್‌ಗಳೇನೋ ಸಿಗುತ್ತವೆ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಡಿಸ್ಕಾದರೆ ಅದೂ ಹೇಳಲಾಗದು. ಸಿಕ್ಕ ಮೇಲೆ? ಯೂನಿಕೋಡ್ ನೆಲೆಗೊಳ್ಳುವ ಮುನ್ನ ಒಂದೊಂದು ಕನ್ನಡ ತಂತ್ರಾಂಶಕ್ಕೂ ಒಂದೊಂದು ಅಕ್ಷರಸಂಕೇತ. ‘ಕ’ ಎಂದು ಬರೆದದ್ದು ಇನ್ನೊಂದರಲ್ಲಿ ಏನೋ ಗೀಚಾಗಿ ಕಾಣುತ್ತದೆ. ಯಾವ ತಂತ್ರಾಂಶ, ಯಾವ ಫಾಂಟ್ ಎಂದು ಡಿಸ್ಕಿನ ಚೀಟಿಯ ಮೇಲೆ ಬರೆದಿಟ್ಟವರು ಪುಣ್ಯವಂತರು.

ಫ್ಲಾಪಿಗಳ ಪೆಟ್ಟಿಗೆ ಇನ್ನೂ ಮನೆಯಲ್ಲಿದ್ದರೆ ಎರಡು ಸಂಗತಿ ಗಮನದಲ್ಲಿರಲಿ. ಡ್ರೈವಿಗೆ ಹಾಕುವ ಮುನ್ನ ಬರೆಯದಂತೆ ತಡೆ ಹಾಕಬೇಕು. ಐದೂಕಾಲು ಇಂಚಿನದಾದರೆ ಪಕ್ಕದ ಕಚ್ಚನ್ನು ಚೀಟಿ ಅಂಟಿಸಿ ಮುಚ್ಚಬೇಕು. ಮೂರೂವರೆ ಇಂಚಿನದಾದರೆ ಮೂಲೆಯ ಗುಂಡಿ ಸರಿಸಿ ತೂತು ತೆರೆಯಬೇಕು. ಒಂದಕ್ಕೊಂದು ತದ್ವಿರುದ್ಧ, ಯಾಕೆ ಹೀಗೆ ಮಾಡಿದರೋ. ಇನ್ನು, ಬೇರೆ ಭಾಷೆಯ ಡಿಸ್ಕ್ ಕಂಡಾಗ ವಿಂಡೋಸ್ ಕಂಪ್ಯೂಟರ್ ಅದನ್ನು ಖಾಲಿ ಡಿಸ್ಕೆಂದೇ ತಿಳಿದು, ಫಾರ್ಮ್ಯಾಟ್ ಮಾಡಲೇ ಎಂದು ವಿನಯದಿಂದ ಕೇಳುತ್ತದೆ. ಬೇಡ ಎನ್ನಿ.